ಕಣ್ಣ ಕೆಳಗ ಕಪ್ಪಾಗ್ಯಾವ, ಇದು ಚಷ್ಮಾದಿಂದನೇ ಏನ್ರೀ?

ಜೇವರ್ಗಿ ಹುಡುಗ:
ನಮಸ್ಕಾರ್ರಿ ಎಲ್ಲರಿಗೂ. ನಾ ಕಲಬುರಗಿ ಒಳಗ ಒಂದ್ ಆಫೀಸ್‌ನ್ಯಾಗ ದಿನಾ ಪೂರ್ತಿ ಕಂಪ್ಯೂಟರ್ ಮುಂದ ಕುಂದ್ರೋ ನೌಕ್ರಿ ಮಾಡ್ತೀನಿ, ವಯಸ್ಸು 27, ಚಷ್ಮಾ ಹೈಸ್ಕೂಲಿನಿಂದ ಅದ, ನಂಬರ್ ಮೈನಸ್ ಮೂರೂವರಿ. ತ್ರಾಸ ಏನಂದ್ರ ಎರಡೂ ಕಣ್ಣ ಕೆಳಗ ಕಪ್ಪಾಗ್ಯಾವ, ಈಗಿನ್ದಲ್ಲ, ಮೊದಲಿಂದನೂ ಸ್ವಲ್ಪ ಇತ್ತು ಆದ್ರ ಈಗೀಗ ಮಂದಿ ಕಣ್ಣಿಗಿ ಬೀಳೋವಷ್ಟು ಆಗ್ಯಾದ. ಹೆಣ್ಮಕ್ಕಳಿಗಿ ಹಿಂಗಾದ್ರ ನಿದ್ದಿ ಇಲ್ಲ ಪಾಪ ಅಂತಾರ, ಗಂಡ್ಮಕ್ಕಳಿಗಿ ಆದ್ರ ಸೀದಾ ಕುಡಿತಾನ ಅಂತಾರ ನೋಡ್ರಿ. ಹ್ವಾದ ವಾರ ಒಂದ್ ಮದಿವ್ಯಾಗ ನಮ್ಮ ಸೋದರಮಾವ ನನ್ ಮಾರಿ ಹಿಡ್ದು ಬೆಳಕಿಗಿ ತಿರುಗಿಸಿ ನೋಡಿ "ಏನಪಾ ತಮ್ಮಾ, ಸಂಜಿಕ ಎಲ್ಲಿ ಕುಂದುರ್ತಿ ನೀ" ಅಂತ ಎಲ್ಲರ ಮುಂದ ಕೇಳ್ದ. ನಾ ಚಾ ಬಿಟ್ರ ಏನೂ ಕುಡಿಯಂಗಿಲ್ರಿ.

ನಮ್ಮವ್ವ ಹೇಳ್ತಾಳ ಎಲ್ಲಾ ಆ ಚಷ್ಮಾದ್ದೇ ಕೆಲ್ಸ, ಅದನ್ನ ತೆಗಿ ಹೋಗ್ತದ ಅಂತ. ದೋಸ್ತ ಒಬ್ಬಾಂವ ಲೇಸರ್ ಮಾಡ್ಸು, ಚಷ್ಮಾನೂ ಹೋಗ್ತದ ಕಪ್ಪೂ ಹೋಗ್ತದ ಅನ್ಲತ್ತಾನ. ಚಷ್ಮಾ ಹೊಸಾದು ಮಾಡ್ಸುವಾಗ ಬ್ಲೂ ಕಟ್ ಗ್ಲಾಸ್, ಅಂದ್ರ ಸ್ಕ್ರೀನಿನ ನೀಲಿ ಬೆಳಕು ತಡಿಯೋದು, ಹಾಕ್ಸಿದ್ರ ಕಪ್ಪ ಆಗಲ್ಲ ಅಂತ ಹೇಳಿ ಹೆಚ್ಚಿಗಿ ರೊಕ್ಕ ತಗೊಂಡ್ರು, ಏನೂ ಫರಕ್ ಬಿದ್ದಿಲ್ಲ. ಕ್ರೀಮ್ ತಗೋಬೇಕಂದ್ರ ನೆಟ್‌ನ್ಯಾಗ ನೂರಾ ಎಂಟು ಅವ. ಖರೆ ಹೇಳ್ರಿ, ಚಷ್ಮಾದಿಂದ ಹಿಂಗ ಆಗ್ತದೇನು? ಲೇಸರ್ ಮಾಡ್ಸಿದ್ರ ಹೋಗ್ತದೇನು?

ಸುಮ್ಕಿರಪಾ:
ರಾತ್ರಿ ಎರಡಕ್ಕ ಆನ್‌ಲೈನ್ ಕಾಣ್ತಿ, ಮುಂಜಾನಿ ಚಷ್ಮಾದ ಮ್ಯಾಲ ಹಾಕ್ತಿ. ಮೊದಲ ಮೊಬೈಲ್ ಕೆಳಗಿಡು ದೋಸ್ತ 😄

ಗ್ಲಾಸ್ ಅಂಗಡಿ:
ಮ್ಯಾಲಿನವ್ರ ಮಾತು ಚೇಷ್ಟಿ ಖರೆ ಆದ್ರ ಅರ್ಧ ಸುಳ್ಳಲ್ಲ, ನಿದ್ದಿ ವಿಷಯ ಬ್ಯಾರೆಯವ್ರು ಹೇಳ್ತಾರ, ನಾ ಚಷ್ಮಾದ್ದಷ್ಟೇ ಹೇಳ್ತೀನಿ. ನಾ ಇಲ್ಲೇ ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾ ಕಡೆ ಚಷ್ಮಾದ ಅಂಗಡ್ಯಾಗ ಕೆಲ್ಸ ಮಾಡ್ತೀನಿ, ಈ ಪ್ರಶ್ನಿ ನಮಗ ದಿನಾ ಬರ್ತದ.

ಚಷ್ಮಾ ಹಾಕಿದ್ದಕ್ಕ ಚರ್ಮ ಕಪ್ಪಾಗಂಗಿಲ್ಲ. ಗ್ಲಾಸಿಗಿ ಆ ಶಕ್ತಿ ಇಲ್ಲ. ಆದ್ರ ಚಷ್ಮಾದಿಂದ ಕಪ್ಪ ಕಾಣಬಹುದು, ಕಾಣೋದು ಬ್ಯಾರೆ ಆಗೋದು ಬ್ಯಾರೆ. ದಪ್ಪ ಕರಿ ಫ್ರೇಮ್ ಹಾಕಿ ನೆತ್ತಿ ಮ್ಯಾಲ ಟ್ಯೂಬ್‌ಲೈಟ್ ಇರೋ ಆಫೀಸ್‌ನ್ಯಾಗ ಕುಂತ್ರ ಫ್ರೇಮಿನ ನೆರಳು ಸರಿಯಾಗಿ ಕಣ್ಣ ಕೆಳಗೇ ಬೀಳ್ತದ. ಬಿಸಿಲಿಗಿ ಕಪ್ಪಾಗೋ ಫೋಟೋಕ್ರೋಮಿಕ್ ಗ್ಲಾಸ್ ಇದ್ರಂತೂ ಕೇಳಬ್ಯಾಡ್ರಿ, ಹೊರಗಿಂದ ಒಳಗ ಬಂದ್ ಮ್ಯಾಲೂ ಸ್ವಲ್ಪ ಹೊತ್ತು ಅದು ಪೂರ್ತಿ ತಿಳಿ ಆಗಿರಂಗಿಲ್ಲ, ಅಷ್ಟರಾಗ ಯಾರರ ನೋಡಿ ಕಣ್ಣ ಕಪ್ಪಾಗ್ಯಾವಲ್ಲೋ ಅಂತಾರ. ಗ್ಲಾಸಿನ ನಂಬರಿಂದೂ ಒಂದ್ ಆಟ ಅದ. ಪ್ಲಸ್ ನಂಬರ್ ಕಣ್ಣನ್ನೂ ಅದರ ಸುತ್ತಿನ ಚರ್ಮನ್ನೂ ದೊಡ್ಡದು ಮಾಡಿ ತೋರಸ್ತದ, ಮೈನಸ್ ಸಣ್ಣದು ಮಾಡ್ತದ. ನಿಮ್ದು ಮೈನಸ್, ಅಂದ್ರ ನಿಮ್ಮ ಚಷ್ಮಾ ನಿಮ್ಮ ಕಪ್ಪನ್ನ ಖರೆ ಅಂದ್ರ ಸ್ವಲ್ಪ ಮುಚ್ಚಲತದ. ತೆಗುದ್ರ ಹೆಚ್ಚೇ ಕಾಣ್ತದ. ಅವ್ವಗ ಹೇಳ್ರಿ.

ಚಷ್ಮಾದಿಂದ ನಿಜವಾಗ್ಲೂ ಆಗೋ ಕಲಿ ಬ್ಯಾರೆ, ಅದು ಮೂಗಿನ ಎರಡೂ ಬಾಜೂಕ, ಪ್ಯಾಡ್ ಕುಂದ್ರೋ ಜಾಗಾದಾಗ. ಫ್ರೇಮ್ ಬಿಗಿ ಇದ್ರ ಅಲ್ಲಿ ಒತ್ತಿ ಒತ್ತಿ ಕಪ್ಪಾಗ್ತದ. ಸಡ್ಲ ಇದ್ರ ಜಾರಿ ಗಲ್ಲದ ಮ್ಯಾಲ ಬಂದು ಕುಂದರ್ತದ, ನಮ್ಮ ಕಡಿ ಬ್ಯಾಸಿಗ್ಯಾಗ ಬಿಸಿಲು 40 ದಾಟ್ತದ, ಫ್ರೇಮಿನ ಕೆಳಗ ಬೆವರು ನಿಂತು ತಿಕ್ಕಿ ತಿಕ್ಕಿ ಅಲ್ಲೂ ಕಪ್ಪ ಪಟ್ಟಿ ಬೀಳ್ತದ. ಕನ್ನಡಿ ಮುಂದ ನಿಂತು ಜೋರಾಗಿ ನಗ್ರಿ, ನಕ್ಕಾಗ ಫ್ರೇಮಿನ ಕೆಳದಂಡಿ ಗಲ್ಲಕ್ಕ ತಾಗಿ ಮ್ಯಾಲ ಎದ್ರ ಅದು ನಿಮ್ಮ ಮಾರಿಗಿ ಹೊಂದಂಗಿಲ್ಲ ಅಂತ ತಿಳೀರಿ. ಮತ್ತ ಪ್ಯಾಡ್ ತೆಗೆದು ನೋಡ್ರಿ ಒಮ್ಮಿ, ಹಳೇ ಮೆಟಲ್ ಫ್ರೇಮ್ ಇದ್ರ ಪ್ಯಾಡಿನ ಹಿಂದ ಹಸಿರು ಹಸಿರು ಕಿಲುಬು ಹತ್ತಿರ್ತದ, ಬೆವರು ಮತ್ತ ಲೋಹ ಕೂಡಿ ಆಗಿದ್ದದು. ಅದನ್ನ ವರ್ಷಗಟ್ಲೆ ಮಾರಿಗಿ ಹಚ್ಕೊಂಡು ತಿರುಗ್ತಾರ ಮಂದಿ. ಪ್ಯಾಡ್ ಬದಲಿ ಮಾಡ್ಲಾಕ ಭಾಳ ರೊಕ್ಕ ಏನಾಗಲ್ಲ, ಪರಿಚಯದ ಅಂಗಡ್ಯಾಗ ಪುಕ್ಕಟನೂ ಮಾಡಿ ಕೊಡ್ತಾರ. ಕೆಲವರಿಗಿ ಮೆಟಲ್‌ನ್ಯಾಗಿನ ನಿಕ್ಕಲ್ ಆಗಿ ಬರಲ್ಲ, ತುರಿಕಿ ಎದ್ದು ಆಮ್ಯಾಲ ಕಪ್ಪಾಗ್ತದ, ಅಂಥವ್ರು ಪ್ಲಾಸ್ಟಿಕ್ ಇಲ್ಲಾ ಟೈಟೇನಿಯಂ ಹಾಕ್ಬೇಕು.

ಬ್ಲೂ ಕಟ್ ಬಗ್ಗೆ ಅಂಗಡ್ಯಾಗ ಕುಂತು ಹೇಳಬಾರದು ಆದ್ರೂ ಹೇಳ್ತೀನಿ. ಕೋಕ್ರೇನ್ ಅಂತ ವೈದ್ಯಕೀಯ ಅಧ್ಯಯನ ಪರಿಶೀಲಿಸೋ ಸಂಸ್ಥೆ ಅದ, 2023 ರಾಗ ಅವ್ರು 17 ಟ್ರಯಲ್ ಒಟ್ಟು ಹಾಕಿ ನೋಡಿದ್ರು, ಕಂಪ್ಯೂಟರ್ ನೋಡಿ ಕಣ್ಣು ದಣಿಯೋದು ಆ ಗ್ಲಾಸಿನಿಂದ ಕಡಿಮಿ ಆಗೋದು ಕಂಡು ಬರ್ಲಿಲ್ಲ. ಕಣ್ಣ ಕೆಳಗಿನ ಕಪ್ಪಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಆಂಟಿಗ್ಲೇರ್ ಕೋಟಿಂಗ್ ಹಾಕ್ಸೋದು ಬ್ಯಾರೆ, ಅದು ಬೆಳಕು ಹೊಳೆಯೋದು ಕಡಿಮಿ ಮಾಡ್ತದ, ಅದು ಹಾಕ್ಸ್ರಿ.

ಬೀದರ್ ಅಕ್ಕ:
ಗ್ಲಾಸ್ ಅಂಗಡಿ ಅಣ್ಣಾ ಹೇಳಿದ್ದು ನೂರಕ್ಕ ನೂರು ಖರೆ ಅದ, ನಮ್ಮ ಮನ್ಯಾಗೇ ಆಗ್ಯಾದ. ನಮ್ಮ ಮಾವನೋರು ಬಿದ್ರಿ ಕೆಲಸ ಮಾಡ್ತಾರ, ಆ ಕರಿ ಹೂಜಿ ಮ್ಯಾಲ ಉಳಿಯಿಂದ ಕೊರದು ಕೂದಲಿನಂಗ ಸಣ್ಣ ಬೆಳ್ಳಿ ತಂತಿ ಇಟ್ಟು ಬಡಿಯೋ ಕೆಲಸ, ದಿನಾ ಕಣ್ಣು ಹಚ್ಚಿ ಕುಂದ್ರಬೇಕು. ನಲವತ್ತು ದಾಟಿದ್ ಮ್ಯಾಲ ಹತ್ತಿರಿಂದು ಕಾಣ್ಲಾರ್ದಂಗ ಆಯ್ತು ಅಂತ ಪ್ಲಸ್ ನಂಬರ್ ಚಷ್ಮಾ ಬಂತು. ಚಷ್ಮಾ ತಂದ ದಿನ ಸಂಜಿಕ ಕನ್ನಡಿ ಮುಂದ ನಿಂತು ಒದರ್ಯಾಡ್ಲತ್ತಿದ್ರು, ಈ ಚಷ್ಮಾ ಹಾಕಿದ್ದೇ ತಡ ನನ್ ಕಣ್ಣ ಕೆಳಗ ಚೀಲ ಬಂದಾವ, ಕಪ್ಪಾಗ್ಯಾವ, ವಾಪಸ್ ಕೊಟ್ಟು ಬರ್ತೀನಿ ಅಂತ. ನಮ್ಮತ್ತಿ ಒಲಿ ಮುಂದಿಂದ ಎದ್ದು ಬರ್ದೇ ಹೇಳಿದ್ರು, ಆ ಚೀಲ ನಮ್ಮ ಮದಿವ್ಯಾದಾಗಿಂದ ಅವ, ನಿಮಗ ಇವತ್ತು ಕಂಡಾವ ಅಷ್ಟೇ ಅಂತ. ಹತ್ತಿರಿಂದು ಕಾಣ್ದವ್ರಿಗಿ ಕನ್ನಡ್ಯಾಗ ತಮ್ಮ ಮಾರಿನೂ ನೆಟ್ಟಗ ಕಂಡಿರಂಗಿಲ್ಲ ನೋಡ್ರಿ.

ನಿಂಬಿಹುಳಿ:
ಇಷ್ಟೆಲ್ಲಾ ಯಾಕ್ರೀ, ಮನಿ ಮದ್ದು ಮಾಡ್ರಿ. ನಿಂಬಿಹಣ್ಣಿನ ರಸ, ಅರಿಶಿಣ, ಹಾಲಿನ ಕೆನಿ ಕಲಸಿ ರಾತ್ರಿ ಹಚ್ಕೊಂಡು ಮಲಗ್ರಿ, ಹದಿನೈದು ದಿನದಾಗ ಬೆಳ್ಳಗ. ನಮ್ಮ ಅಜ್ಜಿ ಕಾಲದಿಂದ ನಡ್ದು ಬಂದದ. ಇಲ್ಲಾ ಸೌತಿಕಾಯಿ ಇಡ್ರಿ.

ಸಿಸ್ಟರ್ ಕಲಬುರಗಿ:
ನಿಂಬಿಹಣ್ಣು ಮಾತ್ರ ಬ್ಯಾಡ್ರಿ ಅಣ್ಣಾರ, ಕೈ ಮುಗಿತೀನಿ. ಕಣ್ಣ ಕೆಳಗಿನ ಚರ್ಮ ಮೈಯಾಗಿನ ಎಲ್ಲಾದಕ್ಕಿಂತ ತೆಳ್ಳಂದು, ಅರ್ಧ ಮಿಲಿಮೀಟರ್ ಆಸುಪಾಸು ಅಷ್ಟೇ ಇರ್ತದ. ಅಲ್ಲಿ ನಿಂಬಿರಸ ಹಚ್ಚಿ ನಮ್ಮ ಬಿಸಿಲಿಗಿ ಹೋದ್ರ ಸುಟ್ಟು ಇದ್ದದ್ದಕ್ಕಿಂತ ಕಪ್ಪಾಗ್ತದ, ನಾ ಸ್ಕಿನ್ ವಾರ್ಡಿನಾಗ ಕೆಲ್ಸ ಮಾಡ್ದಾಕಿ, ಇಂಥವ್ರು ಓಪಿಡಿಗಿ ಬರ್ತಿರ್ತಾರ. ಸೌತಿಕಾಯಿ ಇಡ್ರಿ, ಅದರಿಂದ ಹಾನಿ ಇಲ್ಲ, ತಂಪಿಗಿ ಬಾವು ಸ್ವಲ್ಪ ಇಳಿತದ, ಮಧ್ಯಾಹ್ನದೊಳಗ ಮತ್ತ ಮೊದಲಿನಂಗ.

ಜೇವರ್ಗಿ ತಮ್ಮಾ, ಕ್ರೀಮ್ ತಗೊಳೋಕ್ಕಿಂತ ಮೊದಲ ನಿಂದು ಯಾವ ಕಪ್ಪು ಅಂತ ನೋಡ್ಕೋ. ಎಲ್ಲಾರ್ದೂ ಒಂದೇ ಅಲ್ಲ, ಅದಕ್ಕೇ ಒಬ್ಬರಿಗಿ ಹತ್ತಿದ ಕ್ರೀಮ್ ಇನ್ನೊಬ್ಬರಿಗಿ ಹತ್ತಂಗಿಲ್ಲ. ಮುಂಜಾನಿ ಕಿಟಕಿ ಬೆಳಕಿನಾಗ ಚಷ್ಮಾ ತೆಗೆದು ಕನ್ನಡಿ ಹಿಡಿ, ನೀ ಮೈನಸ್ ಇದ್ದಿ, ಹತ್ತಿರ ಹಿಡದ್ರ ಛಲೋ ಕಾಣ್ತದ. ಕೆಳಗಿನ ಚರ್ಮನ್ನ ಬೆರಳಿಂದ ಹಗುರಕ ಗಲ್ಲದ ಕಡಿ ಎಳಿ. ಎಳದಾಗ ಕಂದು ಬಣ್ಣ ಇದ್ದಂಗೇ ಇದ್ರ ಅದು ಚರ್ಮದ ಬಣ್ಣನೇ, ಪಿಗ್ಮೆಂಟ್. ಎಳದಾಗ ನೀಲಿ ಜಾಂಬಳಿ ಹೆಚ್ಚಾದ್ರ ತೆಳ್ಳಗಿನ ಚರ್ಮದಿಂದ ಒಳಗಿನ ರಕ್ತನಾಳ ಕಾಣ್ಲತಾವ ಅಂತ. ಇನ್ನ ಮಾರಿ ಮ್ಯಾಲ ಎತ್ತಿ ಎದುರಿಂದ ಟಾರ್ಚ್ ಹಿಡ್ದಾಗ ಕಪ್ಪು ಮಾಯ ಆದ್ರ ಅದು ಬರೇ ತಗ್ಗು, ನೆರಳು. ಭಾಳ ಮಂದಿಗಿ ಎರಡು ಮೂರು ಕೂಡೇ ಇರ್ತಾವ.

ಪಿಗ್ಮೆಂಟ್ ಇದ್ರ ಅಪ್ಪ ಅವ್ವ ಅಣ್ಣ ತಮ್ಮರ ಮಾರಿ ನೋಡು, ಬಹುತೇಕ ಮನೆತನದ್ದೇ ಇರ್ತದ, ನಮ್ಮಂಥ ಬಣ್ಣದ ಮಂದಿಗಿ ಇದು ಭಾಳ. ರಕ್ತನಾಳದ್ದಿದ್ರ ನಿದ್ದಿಗೆಟ್ಟ ದಿನ ಹೆಚ್ಚು ಕಾಣ್ತದ, ಮಾರಿ ಬಿಳಚಿಕೊಂಡು ಒಳಗಿಂದು ಎದ್ದು ಕಾಣ್ತದ, ಮ್ಯಾಲಿನ ತಮ್ಮ ಹೇಳಿದ ಮೊಬೈಲ್ ಮಾತು ಇಲ್ಲಿ ಬರ್ತದ. ರಕ್ತ ಕಡಿಮಿ ಇದ್ದವ್ರಿಗೂ ಹಂಗೇ. ಹಿಮೋಗ್ಲೋಬಿನ್ ಗಂಡಸರಿಗಿ 13, ಹೆಣ್ಮಕ್ಕಳಿಗಿ 12 ಗ್ರಾಂಗಿಂತ ಕೆಳಗ ಇದ್ರ ರಕ್ತಹೀನತಿ ಅಂತ ಲೆಕ್ಕ, ಒಂದ್ ಸಲ ಚೆಕ್ ಮಾಡ್ಸು. ಊಟ ಆದ್ ಕೂಡ್ಲೇ ಚಾ ಕುಡಿಯೋ ಚಟ ಇದ್ರ ಬಿಡು, ರೊಟ್ಟಿ ಪಲ್ಯಾದಾಗಿನ ಕಬ್ಬಿಣಾಂಶ ಮೈಗಿ ಹತ್ತಲ್ಲ, ತಾಸರೆ ಬಿಟ್ಟು ಕುಡಿ. ಚಾ ಬಿಟ್ರ ಏನೂ ಕುಡಿಯಲ್ಲ ಅಂದಿ ನೋಡು, ಅದಕ್ಕ ಹೇಳ್ದೆ. ಮತ್ತ ಕುತ್ತಿಗಿ ಹಿಂದ, ಬಗಲಾಗ ಸಹ ಮಖಮಲ್ ಬಟ್ಟಿಯಂಗ ಕಪ್ಪಾಗಿದ್ರ ಶುಗರ್ ನೋಡಿಸ್ಬೇಕು, ಅದು ಬ್ಯಾರೆ ಕತಿ.

ಇಷ್ಟು ನೋಡಿ ವಾಪಸ್ ಬಂದು ಹೇಳು. ಇನ್ನೊಂದು ಕೇಳೋದು ಮರೆತೆ, ಕಣ್ಣು ಕಡಿತಾವೇನು?

ಜೇವರ್ಗಿ ಹುಡುಗ:
ಅಕ್ಕೋರೆ ಭಾಳ ಥ್ಯಾಂಕ್ಸ್. ನೋಡ್ದೆ. ಎಳದ್ರ ಕಂದು ಹಂಗೇ ಇರ್ತದ, ಟಾರ್ಚ್ ಹಿಡದ್ರೂ ಹೋಗಲ್ಲ. ಅಪ್ಪನ ಹಳೇ ಫೋಟೋ ತೆಗೆದು ನೋಡ್ದೆ, ಮದಿವಿ ಫೋಟೋದಾಗೇ ಕಣ್ಣ ಕೆಳಗ ಅದೇ ನಮೂನಿ ಅದ, ಅವ್ವಗ ತೋರ್ಸಿದ್ರ ಫೋಟೋ ಹಳೇದಾಗಿ ಕಪ್ಪಾಗ್ಯಾದ ಅಂತಾಳ, ಏನ್ ಮಾಡ್ಲಿ.

ಕಡಿತಾವ ಅಕ್ಕೋರೆ, ಭಾಳ ಕಡಿತಾವ. ಕುತ್ತಿಗಿ ಗಿತ್ತಿಗಿ ಏನೂ ಕಪ್ಪಿಲ್ಲ. ನಮ್ಮ ಹೊಲ ಜೇವರ್ಗಿ ಕಡಿ, ತೊಗರಿ ರಾಶಿ ಟೈಮಿಗಿ ಶನಿವಾರ ರವಿವಾರ ಹೋಗ್ತೀನಿ, ಆ ಮಷೀನ್ ಮುಂದ ನಿಂತ್ರ ಹೊಟ್ಟು ಧೂಳು ಕಣ್ಣು ಮೂಗಿನಾಗೆಲ್ಲ, ರಾತ್ರಿ ಪೂರ್ತಿ ಸೀನು ಬರ್ತಾವ. ಆಫೀಸಿಗಿ ಬೈಕ್ ಮ್ಯಾಲ, ರೋಡ್ ಧೂಳು ನಿಮಗ ಗೊತ್ತೇ ಅದ. ಚಷ್ಮಾ ಹಣಿ ಮ್ಯಾಲ ಸರಿಸಿ ಎರಡೂ ಕೈಲಿ ತಿಕ್ಕಿದ್ರೇನೇ ಸಮಾಧಾನ ಆಗೋದು. ಅದಕ್ಕ ಮೆಡಿಕಲ್‌ನ್ಯಾಗ ಒಂದ್ ಡ್ರಾಪ್ಸ್ ಕೊಟ್ಟಿದ್ರು, ಹಾಕಿದ್ ಕೂಡ್ಲೇ ತಂಪ್ ಅನಸ್ತದ, ತೀರಿದ್ರ ಮತ್ತ ತರ್ತೀನಿ. ಅದರಿಂದೂ ಏನರ ಆಗ್ತದೇನು?

ಸಿಸ್ಟರ್ ಕಲಬುರಗಿ:
ಸಿಕ್ತು ನೋಡು. ಕಪ್ಪು ಅಪ್ಪನ ಕಡಿಯಿಂದ ಬಂದದ, ಹೆಚ್ಚಾಗಿದ್ದು ತಿಕ್ಕೋದ್ರಿಂದ. ಧೂಳಿನ ಅಲರ್ಜಿ ಇದ್ದವ್ರಿಗಿ ಮೂಗು ಕಟ್ಟಿ ಕಣ್ಣ ಕೆಳಗ ರಕ್ತ ನಿಂತಂಗಾಗಿನೂ ಕಪ್ಪ ಕಾಣ್ತದ, ಮ್ಯಾಲ ತಿಕ್ಕಿ ತಿಕ್ಕಿ ಆ ತೆಳ್ಳನ ಚರ್ಮಕ್ಕ ಗಾಯ ಮಾಡಿ ಬಣ್ಣ ಏರಸ್ತಿ. ಅಲರ್ಜಿ ಹಿಡಿತಕ್ಕ ಬರದೇ ಎಷ್ಟ್ ತುಟ್ಟಿ ಕ್ರೀಮ್ ಹಚ್ಚಿದ್ರೂ ನೀರಾಗ ಹೋಮ.

ಡ್ರಾಪ್ಸ್ ಬಾಟ್ಲಿ ಮ್ಯಾಲಿನ ಹೆಸರು ಓದು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಅಂತ ಏನರ ಇದ್ರ ಅದು ಸ್ಟೀರಾಯ್ಡ್. ಹಾಕಿದ್ ಕೂಡ್ಲೇ ಆರಾಮ ಅನಸ್ತದ, ಅದಕ್ಕೇ ಮಂದಿ ಬಿಡಂಗಿಲ್ಲ, ಆದ್ರ ಡಾಕ್ಟರ್ ನೋಡ್ಕೊಳ್ದೇ ತಿಂಗಳುಗಟ್ಲೆ ಹಾಕಿದ್ರ ಕಣ್ಣಿನ ಪ್ರೆಶರ್ ಏರಿ ಗ್ಲಾಕೋಮಾ, ಅಂದ್ರ ಕಣ್ಣಿನ ನರ ಕೆಡೋ ರೋಗ, ಬರಬಹುದು, ಪೊರಿ ಬರಬಹುದು, ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರಂಗಿಲ್ಲ. ಹೆಸರು ಸಿಕ್ರ ಇವತ್ತೇ ಕಣ್ಣಿನ ಡಾಕ್ಟರ್‌ಗಿ ತೋರ್ಸು, ಪ್ರೆಶರ್ ಚೆಕ್ ಮಾಡಂತ ಬಾಯಿ ಬಿಟ್ಟು ಕೇಳು. ಬೆಳ್ಳಗ ಮಾಡೋ ಕ್ರೀಮಿನಾಗೂ ಸ್ಟೀರಾಯ್ಡ್ ಕೂಡ್ಸಿದವು ಸಿಗ್ತಾವ, ಅವನ್ನ ಕಣ್ಣ ಹತ್ರ ತರಬ್ಯಾಡ. ಕಲಬುರಗಿ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ ಜಿಮ್ಸ್‌ದಾಗ ಕಣ್ಣಿಂದೂ ಸ್ಕಿನ್‌ದೂ ಎರಡೂ ಓಪಿಡಿ ಅವ, ಒಂದೇ ದಿನ ಮುಗಿಸ್ಕೊಂಡು ಬರಬಹುದು, ಬೆಳಿಗ್ಗಿ ಲಗು ಹೋಗು, ಪಾಳಿ ಇರ್ತದ.

ಕಡಿತ ಬಂದಾಗ ತಣ್ಣೀರಿಂದ ತೊಳಿ, ಇಲ್ಲಾ ಒದ್ದಿ ಕರವಸ್ತ್ರ ಮುಚ್ಚಿದ ಕಣ್ಣ ಮ್ಯಾಲ ಇಡು, ತಿಕ್ಕಬ್ಯಾಡ. ರಾಶಿಗಿ ಹೋಗುವಾಗ ಮೂಗಿಗಿ ಮಾಸ್ಕ್, ಕಣ್ಣಿಗಿ ಬಾಜೂಕ ಮುಚ್ಚಿರೋ ಗಾಗಲ್ ಚಷ್ಮಾದ ಮ್ಯಾಲೇ ಹಾಕೋದು ಸಿಗ್ತದ. ಬೈಕ್ ಮ್ಯಾಲ ಹೆಲ್ಮೆಟ್ ಗ್ಲಾಸ್ ಕೆಳಗ ಎಳ್ಕೋ. ಮನಿಗಿ ಬಂದ್ ಮ್ಯಾಲ ಮಾರಿ ತೊಳಿಯುವಾಗ ಚಷ್ಮಾನೂ ತೊಳಿ, ಆ ಧೂಳು ಪ್ಯಾಡಿನಾಗ ಕುಂತಿರ್ತದ.

ಚರ್ಮಕ್ಕಂದ್ರ ಮೊದಲ ಸನ್‌ಸ್ಕ್ರೀನ್, ಜಿಂಕ್ ಆಕ್ಸೈಡ್ ಇರೋದು ಕಣ್ಣಿಗಿ ಉರಿ ಕಡಿಮಿ. ಬಿಸಿಲು ತಡೀಲಿಲ್ಲಂದ್ರ ಉಳದದ್ದೆಲ್ಲಾ ವ್ಯರ್ಥ. ವಿಟಮಿನ್ ಸಿ, ರೆಟಿನಾಲ್, ಕೋಜಿಕ್ ಆಸಿಡ್ ಇಂಥವು ಸ್ಕಿನ್ ಡಾಕ್ಟರ್ ನೋಡಿ ಬರೀತಾರ, ಎರಡು ಮೂರು ತಿಂಗಳು ತಡಿಬೇಕು, ಪೂರ್ತಿ ಅಳಿಸಿ ಹೋಗಲ್ಲ, ತಿಳಿ ಆಗ್ತದ. ಹದಿನೈದು ದಿನದಾಗ ಬೆಳ್ಳಗ ಅಂತ ಯಾರರ ಹೇಳಿದ್ರ ಅದರಾಗ ಏನೋ ಕೂಡ್ಸ್ಯಾರ ಅಂತ ತಿಳಿ. ಸುರ್ಮಾ ಹಚ್ಚೋ ರೂಢಿ ಇದ್ರ ಅದೂ ಬಿಡು, ಭಾಳ ಸುರ್ಮಾದಾಗ ಸೀಸ ಇರ್ತದ.

ಗ್ಲಾಸ್ ಅಂಗಡಿ:
ಲೇಸರ್ ವಿಷಯ ಉಳೀತು. ಲೇಸರ್‌ದಿಂದ ನಂಬರ್ ಹೋಗ್ತದ, ಕಪ್ಪು ಇದ್ದಲ್ಲೇ ಇರ್ತದ, ಮ್ಯಾಲ ಮುಚ್ಕೊಳ್ಳಾಕ ಇದ್ದ ಚಷ್ಮಾನೂ ಹೋಗ್ತದ. ಕೆಲವರಿಗಿ ಆಮ್ಯಾಲ ಕಣ್ಣು ಒಣಗಿ ಇನ್ನೂ ಕಡಿತಾವ. ಮತ್ತ ಇಷ್ಟು ತಿಕ್ಕೋ ಮನಷ್ಯಾಗ ಸೀದಾ ಲೇಸರ್ ಮಾಡಂಗಿಲ್ಲ, ತಿಕ್ಕಿ ತಿಕ್ಕಿ ಕಪ್ಪುಗುಡ್ಡಿ ಮುಂದಿನ ಪದರ ತೆಳ್ಳಗಾಗಿ ಮುಂದಕ್ಕ ಉಬ್ಬೋ ರೋಗ ಅದ, ಕೆರಟೋಕೋನಸ್ ಅಂತಾರ, ಅದಿದ್ದವ್ರಿಗಿ ಲೇಸರ್ ಮಾಡಿದ್ರ ಕಣ್ಣು ಕೆಡ್ತದ. ಅದಕ್ಕ ಮೊದಲ ಕಾರ್ನಿಯಾದ, ಅಂದ್ರ ಆ ಮುಂದಿನ ಪದರದ, ಮ್ಯಾಪ್ ತೆಗೀತಾರ. ನಂಬರ್ ಪದೇ ಪದೇ ಬದಲಾಗ್ಲತಿದ್ರ, ಅದರಾಗೂ ಆ ಪದರದ ಡೊಂಕಿಗಿ ಕೊಡೋ ಸಿಲಿಂಡರ್ ನಂಬರ್ ಏರ್ಲತಿದ್ರ, ಲೇಸರ್ ಇರ್ಲಿ ಬಿಡ್ಲಿ, ಆ ಮ್ಯಾಪ್ ಒಮ್ಮಿ ತೆಗೆಸ್ರಿ.

ಫ್ರೇಮ್ ಬದಲಿಸೋದಿದ್ರ ಕೆಳಗ ದಪ್ಪ ದಂಡಿ ಇಲ್ದ ಹಾಫ್ ರಿಮ್ ನೋಡ್ರಿ, ನೆರಳು ಕಡಿಮಿ ಬೀಳ್ತದ. ಕಪ್ಪು ಮುಚ್ಚಬೇಕಂದ್ರ ಉಲ್ಟಾ, ಕೆಳದಂಡಿ ಸರಿಯಾಗಿ ಆ ಕಲಿ ಮ್ಯಾಲೇ ಬರೋ ಫ್ರೇಮ್ ಹಾಕಿದ್ರ ನೋಡೋರ ಕಣ್ಣು ಫ್ರೇಮಿಗಿ ಹೋಗ್ತದ. ಎರಡೂ ಹಾಕಿ ನೋಡಿ ತಗೋರಿ, ಅಂಗಡ್ಯಾಗಿನ ಲೈಟಿನಾಗ ಅಲ್ಲ, ಬಾಗಲ ಹೊರಗ ಬಂದು.

ಸುಮ್ಕಿರಪಾ:
ಮಾವಗ ಈ ಪೋಸ್ಟ್ ಪ್ರಿಂಟ್ ತೆಗೆದು ಕೊಡು ತಮ್ಮಾ.

ಯಾದಗಿರಿ ಅವ್ವ:
ಸಿಸ್ಟರ್ ಅಕ್ಕೋರೆ, ನಡುವ ಕೇಳ್ತೀನಿ ತಪ್ಪು ತಿಳಿಬ್ಯಾಡ್ರಿ. ನಮ್ಮ ಹುಡುಗ 8 ವರ್ಷದಾಂವ, ಬ್ಯಾಸಿಗಿ ಬಂತಂದ್ರ ಕಣ್ಣು ಕೆಂಪು, ಮುಂಜಾನಿ ದಾರದಂಗ ಅಂಟಂಟು ಪಿಸರು ಬರ್ತದ, ತಿಕ್ಕಿ ತಿಕ್ಕಿ ಕಣ್ಣ ಸುತ್ತ ಕಪ್ಪಾಗ್ಯಾದ, ಬಿಸಿಲಿಗಿ ಕಣ್ಣೇ ತೆರಿಯಲ್ಲ. ಹ್ವಾದ ವರ್ಷ ಚಷ್ಮಾ ಬಂದದ, ಈ ಸಲ ಮತ್ತ ನಂಬರ್ ಏರ್ಯಾದ ಅಂದ್ರು. ಎಲ್ಲರೂ ಮೊಬೈಲ್‌ದಿಂದ ಅಂತಾರ. ಮೊಬೈಲ್ ಕಸಿದಿಟ್ಟೀನಿ, ಆದ್ರೂ ತಿಕ್ಕೋದು ಬಿಟ್ಟಿಲ್ಲ.

ಸಿಸ್ಟರ್ ಕಲಬುರಗಿ:
ತಪ್ಪೇನದ ತಂಗಿ, ಛಲೋ ಆಯ್ತು ಕೇಳಿದ್ದು. ಇದು ಮೊಬೈಲಿಂದು ಕಾಣಲ್ಲ. ಬಿಸಿ ಒಣ ಹವಾ ಇರೋ ನಮ್ಮಂಥ ಕಡಿ ಹುಡುಗರಿಗಿ, ಅದರಾಗೂ ಗಂಡು ಹುಡುಗರಿಗಿ ಹೆಚ್ಚಾಗಿ, ಬ್ಯಾಸಿಗ್ಯಾಗ ಬರೋ ಒಂದ್ ಅಲರ್ಜಿ ಅದ, ವರ್ನಲ್ ಅಂತಾರ ಡಾಕ್ಟ್ರು. ದಾರದಂಗ ಪಿಸರು, ಬಿಸಿಲು ತಡಿಲಾರ್ದದ್ದು, ಪ್ರತಿ ವರ್ಷ ಅದೇ ಟೈಮಿಗಿ ಬರೋದು, ನೀ ಹೇಳಿದ್ದೆಲ್ಲಾ ಹಂಗೇ ಅನಸ್ತದ, ಆದ್ರ ರೆಪ್ಪಿ ಮಗುಚಿ ನೋಡಿದ್ರೇ ಡಾಕ್ಟರ್‌ಗಿ ಖಾತ್ರಿ ಆಗೋದು. ವಯಸ್ಸಿಗಿ ಬರೋದ್ರೊಳಗ ಭಾಳ ಮಂದಿಗಿ ತಾನೇ ಕಡಿಮಿ ಆಗ್ತದ, ಆದ್ರ ಅಲ್ಲಿತನ ತಿಕ್ಕಲಾಕ ಬಿಟ್ರ ಈ ಅಣ್ಣಾ ಹೇಳಿದ ಕೆರಟೋಕೋನಸ್ ಇಂಥ ಹುಡುಗರಿಗೇ ಬರೋದು ಹೆಚ್ಚು. ನಂಬರ್ ವರ್ಷದಾಗ ಏರ್ಯಾದ ಅಂದಿ ನೋಡು, ಅದಕ್ಕ ತಡ ಮಾಡಬ್ಯಾಡ, ಕಪ್ಪಿನ ಚಿಂತಿ ಆಮ್ಯಾಲ.

ಯಾದಗಿರಿ ಒಳಗೇ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ ಯಿಮ್ಸ್‌ದಾಗ ಕಣ್ಣಿನ ವಿಭಾಗ ಅದ, ಮೊದಲ ಅಲ್ಲಿ ತೋರ್ಸು. ಅವ್ರು ಮುಂದ ಕಳಸ್ಬೇಕಂದ್ರ ಕಲಬುರಗಿ ಇಲ್ಲಾ ಹೈದರಾಬಾದ್‌ಗಿ ಬರ್ದು ಕೊಡ್ತಾರ. ಹಳೇ ಚಷ್ಮಾದ ಚೀಟಿ, ಹೊಸಾ ಚೀಟಿ ಎರಡೂ ಒಯ್ಯಿ, ಮನ್ಯಾಗ ಅರ್ಧ ಉಳದ ಡ್ರಾಪ್ಸ್ ಬಾಟ್ಲಿ ಇದ್ರ ಅವನ್ನೂ ಚೀಲದಾಗ ಹಾಕ್ಕೊಂಡು ಹೋಗು, ಏನ್ ಹಾಕಿದ್ರಿ ಅಂತ ಕೇಳೇ ಕೇಳ್ತಾರ.